ಮೂವತ್ತೊಂದು ಹಂಪ್, ಎರಡು ಕಾರು

ಬನಹಟ್ಟಿಯಿಂದ ಜಮಖಂಡಿ ಹಾಯ್ದು ಬೀಳಗಿಗೆ ಹೋಗುವ ರಸ್ತೆಯಲ್ಲಿ ಮೂವತ್ತೊಂದು ಹಂಪುಗಳಿದ್ದವು. ಇದನ್ನು ಎಣಿಸಿ ಇಟ್ಟವರು ಸರಕಾರದವರಲ್ಲ, ಸೀರೆ ವ್ಯಾಪಾರಿ ವೀರಣ್ಣನ ಮನೆಯ ಡ್ರೈವರ್ ಧರೆಪ್ಪ. ಮಂದಿ ಕಿಲೋಮೀಟರ್ ಕಲ್ಲು ನೋಡಿ ಊರು ಎಷ್ಟು ದೂರ ಅನ್ನುತ್ತಾರೆ, ಧರೆಪ್ಪ ಹಂಪು ನೋಡಿ ಹೇಳುತ್ತಿದ್ದ. ಈ ಸೀಮೆಯಲ್ಲಿ ಹಂಪ್ ಹಾಕಲು ಇಂಜಿನಿಯರ್ ಬೇಕಿಲ್ಲ. ಯಾರದೋ ಆಡು ಗಾಡಿಗೆ ಸಿಕ್ಕಿತು ಅಂದರೆ ಸಂಜೆಯೊಳಗೆ ಒಂದು ಟ್ರ್ಯಾಕ್ಟರ್ ಗರಸು ಬಂದು ಬೀಳುತ್ತದೆ, ಊರಿನ ಹಿರಿಯರು ನಿಂತು ತಮ್ಮ ಸಿಟ್ಟು ಎಷ್ಟೋ ಅಷ್ಟು ಎತ್ತರ ಮಾಡಿಸುತ್ತಾರೆ. ಹಾಗಾಗಿ ಒಂದರ ಹಾಗೆ ಒಂದಿಲ್ಲ. ಕೆಲವು ಎಮ್ಮೆ ಬೆನ್ನಿನ ಹಾಗೆ ಅಗಲ, ಕೆಲವು ಹೊಸ್ತಿಲ ಹಾಗೆ ಕಡಿದು.

ಧರೆಪ್ಪ ಇಪ್ಪತ್ತೆರಡು ವರ್ಷದಿಂದ ಆ ಮನೆಯ ಗಾಡಿ ಹೊಡೆಯುತ್ತಿದ್ದ. ಮೊದಲು ಅಂಬಾಸಿಡರ್, ಆಮೇಲೆ ಸುಮೋ. ಅದಕ್ಕೂ ಮೊದಲು ಅವನು ನೇಕಾರ. ಹನ್ನೊಂದನೆಯ ವಯಸ್ಸಿಗೆ ಅಪ್ಪ ಅವನನ್ನು ಕುಣಿಮಗ್ಗದಲ್ಲಿ ಕೂಡಿಸಿದ್ದ. ನೆಲದಲ್ಲಿ ಸೊಂಟದಷ್ಟು ಆಳದ ಕುಣಿ ತೋಡಿ, ಅದರ ಅಂಚಿಗೆ ಕೂತು, ಕಾಲು ಒಳಗೆ ಚಾಚಿ, ಕೆಳಗಿನ ಹಲಗೆ ತುಳಿಯುತ್ತ ನೇಯುವ ಮಗ್ಗ ಅದು. ಮಳೆಗಾಲದಲ್ಲಿ ಕುಣಿಯ ಮಣ್ಣು ಬೆವರುತ್ತಿತ್ತು. ಅಪ್ಪ ನಲವತ್ತು ವರ್ಷ ಅಲ್ಲಿ ಕೂತ, ಏಳಬೇಕಾದಾಗ ಇಬ್ಬರು ರಟ್ಟೆ ಹಿಡಿದು ಎಬ್ಬಿಸಬೇಕಾಗುತ್ತಿತ್ತು. ಧರೆಪ್ಪ ಎಂಟು ವರ್ಷ ಕೂತ. ಹತ್ತೊಂಬತ್ತಕ್ಕೆ ಒಂದು ದಿನ ಲಾಳಿಯನ್ನು ಅರ್ಧ ಸೀರೆಯ ಮೇಲೆ ಇಟ್ಟು ಎದ್ದವನು ಲಾರಿಯೊಂದಕ್ಕೆ ಕ್ಲೀನರ್ ಆಗಿ ಹೋದ. ಸತ್ತರೂ ಮತ್ತೆ ದಾರ ಮುಟ್ಟುವುದಿಲ್ಲ ಎಂದು ಹೇಳಿ ಹೋದ, ಮತ್ತು ಆ ಮಾತು ಉಳಿಸಿಕೊಂಡ. ಊರಲ್ಲಿ ಕುಣಿಮಗ್ಗ ಹೋಗಿ ಪವರ್‌ಲೂಮ್ ಬಂದವು, ಓಣಿ ಓಣಿಯಲ್ಲಿ ಖಟಕ್ ಪಟಕ್ ಶುರುವಾಯಿತು. ಧರೆಪ್ಪ ಮಾತ್ರ ಸಾಹುಕಾರ ವೀರಣ್ಣನ ಮಗ್ಗದ ಶೆಡ್ಡಿನ ಬಾಗಿಲವರೆಗೆ ಹೋಗಿ ಹಾರ್ನ್ ಹೊಡೆಯುತ್ತಿದ್ದನೇ ಹೊರತು ಒಳಗೆ ಕಾಲಿಡುತ್ತಿರಲಿಲ್ಲ.

ಎರಡು ಸಾವಿರದ ಹನ್ನೆರಡರ ಚಳಿಗಾಲದಲ್ಲಿ ವೀರಣ್ಣನಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ವಯಸ್ಸು ನಲವತ್ತೇಳು, ತೂಕ ತೊಂಬತ್ತು. ಪುಣೆಯಲ್ಲಿ ಒಬ್ಬ ಜವಳಿ ದಲಾಲನ ಮನೆಯ ಮುಂದೆ ಅಂಥದೊಂದನ್ನು ನೋಡಿ ಬಂದಿದ್ದ. ಬಂದವನು ಗಾದಿಯ ಮೇಲೆ ಕೂತು, ಹೊಳೆಯುವ ಕಾಗದದ ಎರಡು ಪುಸ್ತಕ ಬಿಚ್ಚಿ ಧರೆಪ್ಪನನ್ನು ಕರೆಸಿದ.

"ಧರೆಪ್ಪಾ, ಕಾರ್ ತಗೋಳಾಕತ್ತೇನಿ. ಜರ್ಮನಿ ಕಂಪನಿದು. ಒಂದ ಕಂಪನಿ, ಎರಡ ನಮೂನಿ. ಇದು ಗಿಡ್ಡಂದು, ಎರಡ ಸೀಟು. ಇದು ಉದ್ದಂದು, ಹಿಂದ ಮತ್ತ ಎರಡು ಸಣ್ಣ ಸೀಟು ಅದಾವು. ನಮ್ಮ ರಸ್ತಾಕ ಯಾವುದು ನಡೀತೈತಿ, ಅದನ್ನ ನೀ ಹೇಳಬೇಕು."

ಧರೆಪ್ಪ ಚಿತ್ರ ನೋಡಿದ. ಎರಡೂ ನೆಲಕ್ಕೆ ಅಂಟಿದ ಹಾಗಿದ್ದವು.

"ಒಂದ ಗಾಡಿ ನಿಲ್ಲೂವಷ್ಟ ಜಾಗಾ ಐತಿ ಮನಿ ಮುಂದ," ಎಂದ ವೀರಣ್ಣ. "ಸುಮೋ ತಗೀಬೇಕು. ಗಿಡ್ಡಂದು ತಗೊಂಡ್ರ ನಾನ ಹೊಡೀತೀನಿ. ಎರಡ ಸೀಟಿನ ಗಾಡ್ಯಾಗ ಡ್ರೈವರ್‌ನ ಕುಂದ್ರಿಸ್ಕೊಂಡ ಹೋದ್ರ ಮಂದಿ ನಗ್ತಾರ. ಅವ್ವಗ ಬೀಳಗಿಗೆ ಹೋಗಾಕ ಬಾಡಿಗಿ ಗಾಡಿ ಮಾಡೂಣು."

"ನಾನರೀ?"

"ನೀ ಶೆಡ್ಡಿಗೆ ಬಾ. ಕಂಡಿಕಿ ಸುತ್ತೂ ಕಡೆ ಒಬ್ರು ಬೇಕಾಗ್ಯಾರ. ಪಗಾರದಾಗ ಏನೂ ಫರಕ ಮಾಡಂಗಿಲ್ಲ."

"ಉದ್ದಂದು ತಗೊಂಡ್ರರೀ?"

"ಉದ್ದಂದು ತಗೊಂಡ್ರ ಅವ್ವನೂ ಅದರಾಗ ಅಡ್ಡಾಡ್ತಾಳ. ನೀ ಇರ್ಲಾರದ ಅಕಿ ಗಾಡಿ ಹತ್ತಂಗಿಲ್ಲಲ್ಲ."

ಅದು ನಿಜ. ವೀರಣ್ಣನ ತಾಯಿ ಬೋರವ್ವ ಎಪ್ಪತ್ತು ದಾಟಿದವಳು. ಪ್ರತಿ ಹುಣ್ಣಿಮೆಗೆ ಬೀಳಗಿಯಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದಳು. ಹೊತ್ತು ಮುಳುಗುವ ಮೊದಲು ಹಿನ್ನೀರು ನೋಡಿಕೊಂಡು ಬರುವುದು ಅವಳ ಒಂದು ಚಟ. ಮಗನ ಕೈಯಲ್ಲಿ ಗಾಡಿ ಕೊಟ್ಟರೆ ಆಣೆಕಟ್ಟಿನ ನೀರೊಳಗೇ ಇಳಿಸುತ್ತಾನೆ ಎಂಬುದು ಅವಳ ಗಟ್ಟಿ ನಂಬಿಕೆ.

ಧರೆಪ್ಪ "ಆತ್ರೀ" ಎಂದು ಹೊರಗೆ ಬಂದ. ಪಗಾರ ಅಷ್ಟೇ ಇರುತ್ತದೆ, ನೆರಳಲ್ಲಿ ಕೂತು ಮಾಡುವ ಕೆಲಸ, ಇನ್ನೊಬ್ಬನಾಗಿದ್ದರೆ ಕೈ ಮುಗಿಯುತ್ತಿದ್ದ. ಇವನಿಗೆ ಭಯವಾಯಿತು. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದು ಕೊನೆಗೆ ಲಾಳಿಗೆ ಹಾಕುವ ದಾರದ ಕಂಡಿಕೆ ಸುತ್ತುವುದಾದರೆ ಅಂದು ಅರ್ಧ ಸೀರೆ ಬಿಟ್ಟು ಎದ್ದದ್ದು ಯಾತಕ್ಕೆ?

ವೀರಣ್ಣ ಅವನನ್ನೇ ಕೇಳಿದ್ದಕ್ಕೂ ಕಾರಣವಿತ್ತು. ಅವನ ಅಪ್ಪ ರಾಮಲಿಂಗಪ್ಪ ಸಾಯುವವರೆಗೂ ಹೇಳುತ್ತಿದ್ದ ಮಾತು ಒಂದೇ: ಸೀರೆಯ ಮುಖ ನೋಡಿ ಮರುಳಾಗಬೇಡ, ತಿರುವಿ ಬೆನ್ನು ನೋಡು. ಮುಖ ನೋಡಲು ತಾನಿದ್ದೇನೆ, ಬೆನ್ನು ನೋಡಲು ಧರೆಪ್ಪನಿದ್ದಾನೆ ಎಂಬುದು ವೀರಣ್ಣನ ಹಂಚಿಕೆ.

ಮರುದಿನ ಧರೆಪ್ಪ ಮೊಪೆಡ್ ಹತ್ತಿ ಹಂಪ್ ಅಳೆಯಲು ಹೊರಟ. ಅಳತೆಪಟ್ಟಿ ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ಇಂಚು ಸೆಂಟಿಮೀಟರ್ ಅವನ ತಲೆಯಲ್ಲಿ ನಿಲ್ಲುವುದಿಲ್ಲ. ನೇಕಾರನ ಮಗನಿಗೆ ಅಳತೆ ಎಂದರೆ ದಾರ. ನೇರವಾದ ಒಂದು ಪಟ್ಟಿಯ ತುದಿಯನ್ನು ಹಂಪಿನ ನೆತ್ತಿಯ ಮೇಲಿಟ್ಟು, ಅರ್ಧ ನೀರು ತುಂಬಿದ ಬಾಟಲಿಯನ್ನು ಪಟ್ಟಿಯ ಮೇಲೆ ಮಲಗಿಸಿ ಮಟ್ಟ ನೋಡಿ, ಇನ್ನೊಂದು ತುದಿಯಿಂದ ರಸ್ತೆಯವರೆಗೆ ದಾರ ಇಳಿಬಿಟ್ಟು ಅಲ್ಲಿಗೆ ಕತ್ತರಿಸುವುದು. ಒಂದು ಹಂಪಿಗೆ ಒಂದು ಎಳೆ. ಎಲ್ಲ ಎಳೆಗಳನ್ನೂ ಒಂದು ಬಿದಿರ ಕೋಲಿಗೆ ಸಾಲಾಗಿ ಕಟ್ಟುವುದು. ಸತ್ತರೂ ದಾರ ಮುಟ್ಟುವುದಿಲ್ಲ ಎಂದವನು ಎರಡು ದಿನ ದಾರ ಹಿಡಿದು ರಸ್ತೆಯಲ್ಲಿ ಮಂಡಿಯೂರಿದ. ಕಬ್ಬಿನ ಟ್ರ್ಯಾಕ್ಟರಿನವರು ನಿಂತು, ಇವನಿಗೇನಾಯಿತು ಎಂದು ನೋಡಿ ಮುಂದೆ ಹೋದರು.

ಮನೆಯಲ್ಲಿ ಹೆಂಡತಿ ಲಗಮವ್ವ ಆ ಕೋಲು ನೋಡಿ ಅರಿಸಿನದ ಬಟ್ಟಲು ತಂದಳು.

"ಯಾವ ದೇವರಿಗೆ ಬೇಡ್ಕೊಂಡೀರಿ? ಇಷ್ಟ ಎಳಿ ಕಟ್ಟೀರಿ."

"ದೇವರದಲ್ಲ, ಹಂಪಿಂದು."

"ಹಂಪಿನ ದೇವರಿಗೆ ಹೋಗೂದಾದ್ರ ನಾನೂ ಬರ್ತೀನಿ ತಡೀರಿ," ಎಂದಳು ಅವಳು. ಹಂಪಿಯ ವಿರೂಪಾಕ್ಷನಲ್ಲ, ರಸ್ತೆಯ ಹಂಪು ಎಂದು ಬಿಡಿಸಿ ಹೇಳಿದ ಮೇಲೆ ಬಟ್ಟಲು ಒಳಗಿಟ್ಟು, ಗಂಡನ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದಳು.

ಪುಣೆಯ ಶೋರೂಮ್ ಒಳಗೆ ಕಾಲಿಟ್ಟರೆ ನೆಲದಲ್ಲಿ ಮುಖ ಕಾಣುತ್ತಿತ್ತು. ಟೈ ಕಟ್ಟಿದ ಸೇಲ್ಸ್‌ಮನ್ ಮರಾಠಿಯಲ್ಲಿ ಎರಡೂ ಕಾರಿನ ಗುಣಗಾನ ಮಾಡಿದ. ಗಿಡ್ಡ ಕಾರಿಗೆ ಎಂಜಿನ್ ಸೀಟಿನ ಬೆನ್ನಿಗೇ ಇದೆ, ತಿರುವಿನಲ್ಲಿ ಅದರ ಸಮ ಯಾವುದೂ ಇಲ್ಲ. ಉದ್ದ ಕಾರು ದೂರದ ಪ್ರಯಾಣಕ್ಕೆ, ಕುಟುಂಬಸ್ಥರಿಗೆ. ವೀರಣ್ಣ ಗಿಡ್ಡ ಕಾರಿನಲ್ಲಿ ಕೂತ. ಕೂತವನು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದ. ಬಾಯಿ ಅರ್ಧ ತೆರೆದಿತ್ತು. ವ್ಯಾಪಾರದಲ್ಲಿ ಎದುರಿನವನಿಗೆ ಮುಖದ ಒಂದು ಗೆರೆಯನ್ನೂ ಬಿಟ್ಟುಕೊಡದ ಮನುಷ್ಯ, ಈಗ ಅವನ ಇಡೀ ಮುಖ ಬಯಲಾಗಿತ್ತು. ಉದ್ದ ಕಾರಿನಲ್ಲೂ ಕೂತ, ಚೆನ್ನಾಗಿದೆ ಎಂದ, ಇಳಿದ, ಮತ್ತೆ ಗಿಡ್ಡ ಕಾರಿನ ಕಡೆ ನೋಡಿದ. ಧರೆಪ್ಪ ಇದೆಲ್ಲ ಕಂಡ.

"ಬೆನ್ನು ನೋಡ್ಲೇ ಧರೆಪ್ಪಾ," ಎಂದ ವೀರಣ್ಣ.

ಡ್ರೈವರನನ್ನು ಒಳಗೆ ಕೂಡಿಸಲು ಸೇಲ್ಸ್‌ಮನ್‌ಗೆ ಮನಸ್ಸಿರಲಿಲ್ಲ. ಕೆಳಗೆ ಮಲಗುವುದಕ್ಕೆ ಅವನ ತಕರಾರಿರಲಿಲ್ಲ. ಧರೆಪ್ಪ ಆ ಕನ್ನಡಿ ನೆಲದ ಮೇಲೆ ಅಂಗಾತ ಮಲಗಿ, ಕಾರಿನ ಹೊಟ್ಟೆಯ ಅತಿ ಕೆಳಗಿನ ಜಾಗಕ್ಕೆ ಬಿದಿರ ಕೋಲು ಹಿಡಿದ. ನೆಲ ಮುಟ್ಟದೆ ತೂಗುವ ಎಳೆಗಳ ಹಂಪು ದಾಟುತ್ತವೆ, ನೆಲಕ್ಕೆ ಬಿದ್ದು ಮಡಿಚುವ ಎಳೆಗಳ ಹಂಪು ಬಡಿಯುತ್ತವೆ. ಗಿಡ್ಡ ಕಾರಿನ ಕೆಳಗೆ ನಾಲ್ಕು ಎಳೆ ಮಡಿಚಿದವು. ಉದ್ದ ಕಾರಿನ ಕೆಳಗೂ ಅವೇ ನಾಲ್ಕು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಧರೆಪ್ಪ ಏಳುವಾಗ ಕೈ ತಾನಾಗಿಯೇ ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ಮೊಳ ಹಾಕಿತು. ಗಿಡ್ಡಂದು ಐದು ಮೊಳ ಮೇಲೆ ಚೂರು. ಉದ್ದಂದು ಅದಕ್ಕಿಂತ ಒಂದು ಮೊಳ ಜಾಸ್ತಿ. ಅವನಿಗೆ ಸಾಂಗ್ಲಿಯಿಂದ ಮದುವೆಗೆ ಬಂದಿದ್ದ ಒಂದು ಉದ್ದ ಕಾರು ನೆನಪಾಯಿತು. ರಬಕವಿ ದಾಟಿದ ಮೇಲಿನ ಹಂಪಿನಲ್ಲಿ ಅದರ ಮುಂದಿನ ಗಾಲಿ ಇಳಿದು, ಹಿಂದಿನ ಗಾಲಿ ಇನ್ನೂ ಹತ್ತದೆ, ನಡುಹೊಟ್ಟೆ ಹಂಪಿನ ಮೇಲೆ ಕೂತುಬಿಟ್ಟಿತ್ತು. ಎತ್ತಲು ಇವನೂ ಹೆಗಲು ಕೊಟ್ಟಿದ್ದ. ಗಾಲಿಯ ನಡುವಿನ ಅಂತರ ಹೆಚ್ಚಾದಷ್ಟೂ ಹೊಟ್ಟೆ ಕೂರುತ್ತದೆ. ದಾರಕ್ಕೆ ಎತ್ತರ ಮಾತ್ರ ಗೊತ್ತು. ಉದ್ದ ಗೊತ್ತಿರುವುದು ಡ್ರೈವರನಿಗೆ.

"ಏನ ಹೇಳ್ತೈತಿ ದಾರ?" ಕೇಳಿದ ವೀರಣ್ಣ.

"ಎರಡಕ್ಕೂ ನಾಕ ಬಡೀತಾವ್ರೀ. ಉಳಿದದ್ದು ದಾಟ್ತಾವು."

"ಆ ನಾಕು ಹಂಪ್ ನಾ ತಗ್ಗ ಮಾಡಸ್ತೀನಿ. ಊರಾನ ಹಿರ್ಯಾರ ಗುರ್ತಿನವರದಾರ. ಹಂಗಾರ ಎರಡೂ ಒಂದ ಅನ್ನು."

ಧರೆಪ್ಪನ ನಾಲಗೆಯ ಮೇಲೆ ಮಾತು ಬಂದಿತ್ತು. ಗಿಡ್ಡಂದೇ ತಗೋರಿ ಎಂದರೆ ಸಾಹುಕಾರನ ಮುಖ ಇನ್ನೊಮ್ಮೆ ಅರಳುತ್ತಿತ್ತು, ಮತ್ತು ಕಾರು ಬಂದ ಮರುದಿನ ತಾನು ಕಂಡಿಕೆಯ ಮುಂದೆ ಕೂರುತ್ತಿದ್ದ. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಅಂಥ ಹೊತ್ತಿನಲ್ಲಿ ಮನುಷ್ಯ ತನಗೆ ಗೊತ್ತಿರುವ ಪುಲಿಗೇ ಹೆಚ್ಚು ಹೆದರುತ್ತಾನೆ.

"ದಾರ ಅಂತೂ ಎರಡೂ ಒಂದ ಅಂತೈತ್ರೀ," ಎಂದ. ಎಳೆಗಳನ್ನು ಕೋಲಿಗೆ ಸುತ್ತುತ್ತ, "ಅವ್ವಾರ ಸಲುವಾಗಿ ನೋಡಿದ್ರ ಉದ್ದಂದ ಛಲೋ."

ವೀರಣ್ಣ ಗಿಡ್ಡ ಕಾರಿನ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದ. ಕೈ ತೆಗೆದ.

"ಖರೆ. ಅವ್ವನ ಬಿಟ್ಟು ಏನ ಮಾಡೂದೈತಿ," ಎಂದು ಸೇಲ್ಸ್‌ಮನ್ ಕಡೆ ತಿರುಗಿದ.

ಸುಳ್ಳು ಹೇಳಲಿಲ್ಲವಲ್ಲ ಎಂದು ಧರೆಪ್ಪ ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡ. ಹೇಳಿದ ಒಂದೊಂದು ಮಾತೂ ನಿಜವೇ ಆಗಿತ್ತು. ಆದರೂ ಮೀರಜ ಬರುವತನಕ ಅವನಿಗೆ ಸಾಹುಕಾರನ ಮುಖ ನೋಡಲಾಗಲಿಲ್ಲ.

ಎರಡು ತಿಂಗಳಿಗೆ ಕೆಂಪು ಬಣ್ಣದ ಉದ್ದ ಕಾರು ಮುಚ್ಚಿದ ಲಾರಿಯಲ್ಲಿ ಬನಹಟ್ಟಿಗೆ ಬಂತು. ಅಷ್ಟರಲ್ಲಿ ಸುಮೋ ಮುಧೋಳ ಕಡೆಯ ಗೂಳಪ್ಪ ಎಂಬ ಕಬ್ಬಿನ ಗ್ಯಾಂಗಿನ ಮುಕಾದಮನ ಪಾಲಾಗಿತ್ತು. ನಾಲ್ಕು ಹಂಪುಗಳ ನೆತ್ತಿ ಕೆತ್ತಿಸಿ ಆಗಿತ್ತು. ಆ ಮನೆಯಲ್ಲಿ ಹೊಸ ಗಾಡಿ ಬಂದರೆ ಮೊದಲ ಸವಾರಿ ಬೋರವ್ವನದು, ಹೊಡೆಯುವವನು ಧರೆಪ್ಪ, ಹೋಗುವುದು ಬೀಳಗಿಗೆ. ಈ ಸಲವೂ ಹಾಗೇ ಆಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. ಆಮೇಲೆ ಗೊತ್ತಾಯಿತು, ಹಿಂದಿನ ಸೀಟಿನಲ್ಲಿ ಬೋರವ್ವನನ್ನು ಕೂಡಿಸುವುದು ಯಾರಿಂದಲೂ ಆಗದ ಕೆಲಸ. ಇಬ್ಬರು ಹಿಡಿದು ಅವಳನ್ನು ಮುಂದಿನ ಸೀಟಿಗೆ ಇಳಿಸಿದರು. ಕಾರಿನ ಒಡೆಯ ವೀರಣ್ಣ ಮೊಣಕಾಲು ಗಲ್ಲಕ್ಕೆ ಹಚ್ಚಿಕೊಂಡು ಹಿಂದೆ ತುರುಕಿಕೊಂಡ.

"ಇದ್ಯಾನ ಗಾಡಿಪಾ, ನೆಲದ ಮ್ಯಾಲ ಕುಂತಂಗ ಆಕ್ಕೈತಿ," ಎಂದಳು ಬೋರವ್ವ.

ಧರೆಪ್ಪನೂ ಮೊದಲ ಸಲ ಒಳಗೆ ಕೂತಿದ್ದ. ಏನೋ ಗುರುತಿನ ಹಾಗೆ ಅನಿಸಿತು, ಏನೆಂದು ನೆನಪಿಸಿಕೊಳ್ಳಲು ಪುರುಸೊತ್ತಾಗಲಿಲ್ಲ. ಎಂಜಿನ್ ಗುಡುಗಿತು, ಓಣಿಯ ಮಗ್ಗಗಳೆಲ್ಲ ಒಂದು ಗಳಿಗೆ ನಿಂತವು.

ಮೊದಲನೆಯ ಹಂಪು ಓರೆಯಾಗಿ ಹತ್ತಿಸಿ ದಾಟಿಸಿದ. ಮೂರನೆಯದರಲ್ಲಿ ಕೆಳಗೆ ಕರ್ ಎಂದಿತು. ವೀರಣ್ಣ ಹಿಂದಿನಿಂದ "ಏನದು?" ಎಂದ, ಧರೆಪ್ಪ "ಕಲ್ಲರೀ" ಎಂದ. ನಾಲ್ಕು, ಐದು, ಆರು, ಪ್ರತಿಯೊಂದಕ್ಕೂ ಅವನು ಗಾಡಿಯನ್ನು ಇನ್ನಷ್ಟು ಓರೆ ಮಾಡಿದ. ಏಳನೆಯದು ಜಮಖಂಡಿ ಇನ್ನೂ ಮುಂದಿರುವಾಗ ಬರುವ ಹೊಸ್ತಿಲಿನಂಥ ಹಂಪು. ಮುಂದಿನ ಗಾಲಿ ದಾಟಿ ಇಳಿಯಿತು. ಹಿಂದಿನದು ಬರಲಿಲ್ಲ. ಕಾರು ಒಮ್ಮೆ ನರಳಿ, ಹಂಪಿನ ಮೇಲೆ ಹೊಟ್ಟೆ ಊರಿ ಕೂತಿತು.

ಹಿಂದೆ ಎರಡು ಕಬ್ಬಿನ ಟ್ರ್ಯಾಕ್ಟರು, ಒಂದು ಬಸ್ಸು ನಿಂತವು. ಕಬ್ಬು ಕಡಿಯುವ ಗಂಡಸರು ಹತ್ತು ಮಂದಿ ನಗುತ್ತ ಇಳಿದು ಬಂದರು. ಬೋರವ್ವನನ್ನು ಇಳಿಸಲು ಹೊರಟರೆ, ಮತ್ತೆ ಹತ್ತಿಸುವವರು ಯಾರು ಎಂದು ಅವಳು ಜಪ್ಪಯ್ಯ ಅನ್ನಲಿಲ್ಲ. ಅವಳನ್ನೂ ಕೂಡಿಸಿಯೇ ಎತ್ತಿ ಹಿಂದಕ್ಕೆ ಇಟ್ಟರು.

ವೀರಣ್ಣ ರಸ್ತೆಯ ಬದಿಗೆ ನಿಂತು ಅಂಗಿಯ ಸುಕ್ಕು ಸರಿಮಾಡಿಕೊಳ್ಳುತ್ತಿದ್ದ. ಧರೆಪ್ಪನನ್ನು ಹತ್ತಿರ ಕರೆದ. ದನಿ ಏರಿಸಲಿಲ್ಲ.

"ಇದು ಕೆತ್ತಿಸಿದ ನಾಕರಾಗ ಇರಲಿಲ್ಲ. ದಾರ ಇದನ್ನ ದಾಟ್ತೈತಿ ಅಂದಿತ್ತಲ್ಲ?"

"ದಾರ ಎತ್ತರ ಅಷ್ಟ ಹೇಳ್ತೈತ್ರೀ."

"ಮತ್ತ?"

"ಗಾಲಿ ಗಾಲಿ ನಡುವಿನ ಉದ್ದ ಹೇಳಂಗಿಲ್ಲರೀ. ಉದ್ದ ಜಾಸ್ತಿ ಆದ್ರ ಹೊಟ್ಟಿ ಕುಂದರ್ತೈತಿ."

"ಗಿಡ್ಡಂದು?"

"ಗಿಡ್ಡಂದು ದಾಟ್ತಿತ್ರೀ."

ವೀರಣ್ಣ ಅಂಗಿಯಿಂದ ಕೈ ತೆಗೆದ. ಶೋರೂಮಿನಲ್ಲಿ ಬಯಲಾಗಿದ್ದ ಆ ಮುಖ ಈಗ ವ್ಯಾಪಾರದ ಮುಖವಾಗಿತ್ತು.

"ಅವತ್ತ ಗೊತ್ತಿತ್ತು ನಿನಗ."

ಇಲ್ಲ ಅನ್ನಬಹುದಿತ್ತು. ಯಾರಿಂದಲೂ ಸಾಧಿಸಿ ತೋರಿಸಲಾಗುತ್ತಿರಲಿಲ್ಲ. ಧರೆಪ್ಪನಿಗೆ ನಾಚಿಕೆಯಾಯಿತು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನ ಮುಂದೆ ನಾಚಿಕೆಯಾಯಿತು.

"ಗೊತ್ತಿತ್ರೀ," ಎಂದ.

ವೀರಣ್ಣ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಬಂದು ಮತ್ತೆ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಿಚಿಕೊಂಡು ಕೂತ, ಕಾರು ಬಂದ ದಾರಿಯಲ್ಲಿ ಆರು ಹಂಪುಗಳನ್ನು ಕೆರೆಯುತ್ತ ಮನೆಗೆ ತಿರುಗಿತು. ಮನೆ ಮುಂದೆ ನಿಂತಾಗ, ನಿದ್ದೆ ಹತ್ತಿದ್ದ ಬೋರವ್ವ ಕಣ್ಣುಬಿಟ್ಟು, "ಬೀಳಗಿ ಇಷ್ಟ ಲಗೂ ಬಂತೇನು?" ಎಂದಳು.

ಕಾರನ್ನು ವಾಪಸ್ ಕೊಡಬಹುದಲ್ಲ ಎಂದು ಹತ್ತು ಮಂದಿ ಹತ್ತು ಮಾತು ಹೇಳಿದರು. ವೀರಣ್ಣ ಕೇಳಲಿಲ್ಲ. "ನಮ್ಮ ಅಂಗಡ್ಯಾಗ ಮಡಿಕಿ ಬಿಚ್ಚಿ ಉಟ್ಟ ಸೀರಿ ನಾವು ವಾಪಸ್ ತಗೋಳಂಗಿಲ್ಲ. ನಾ ಯಾವ ಮಾರಿ ಹೊತ್ಕೊಂಡ ಅವರ ಕಡೆ ಹೋಗ್ಲಿ?" ಎಂದ. ಮನೆ ಮುಂದೆ ನಿಂತರೆ ಮಂದಿ ನಗುತ್ತಾರೆಂದು ಶೆಡ್ಡಿನ ಒಂದು ಮೂಲೆಯ ಎರಡು ಮಗ್ಗ ಸರಿಸಿ ಕಾರನ್ನು ಅಲ್ಲಿ ಒಳಗೆ ಹಾಕಿಸಿದ. ಮುಂದೆ ಗೋಡೆ, ಎರಡೂ ಕಡೆ ಮಗ್ಗ. ಮೇಲೆ ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದ ಹೊದಿಕೆ. ಹುಣ್ಣಿಮೆಗೆ ಬೋರವ್ವ ಬಾಡಿಗೆ ಗಾಡಿಯಲ್ಲಿ ಗೊಣಗುತ್ತ ಬೀಳಗಿಗೆ ಹೋಗಿಬಂದಳು.

ಕಾರು ಶೆಡ್ಡು ಸೇರಿದ ಮಾರನೆಯ ದಿನವೇ ವೀರಣ್ಣ ಧರೆಪ್ಪನ ಕೈಯಲ್ಲಿ ಚಾವಿ ಇಟ್ಟಿದ್ದ.

"ನಿಂದರಿಸಿದ್ರ ಬ್ಯಾಟರಿ ಸಾಯ್ತೈತಂತ. ದಿನಾ ಮುಂಜಾನೆ ಹದಿನೈದ ಮಿನಿಟ ಚಾಲೂ ಮಾಡು. ಒರಸು, ಮುಚ್ಚು. ಬ್ಯಾರೆ ಕೆಲಸ ನಿನಗ ಹಚ್ಚಂಗಿಲ್ಲ. ಡ್ರೈವರ್ ಇರಬೇಕಂತ ಉದ್ದಂದು ಕೊಡಿಸಿದಿ, ಡ್ರೈವರ್ ಇರು."

ಅದು ಶಿಕ್ಷೆಯೋ ದಯೆಯೋ ಧರೆಪ್ಪನಿಗೆ ತಿಳಿಯಲಿಲ್ಲ. ವೀರಣ್ಣನಿಗೂ ತಿಳಿದಿತ್ತು ಅನ್ನುವ ಹಾಗಿಲ್ಲ. ಇಪ್ಪತ್ತೆರಡು ವರ್ಷ ಬಾಗಿಲಲ್ಲಿ ಹಾರ್ನ್ ಹೊಡೆದವನು ಹೀಗೆ ಶೆಡ್ಡಿನ ಒಳಗೆ ಕಾಲಿಟ್ಟ. ಬೆಳಿಗ್ಗೆ ಎಂಟಕ್ಕೆ ಬರುವುದು, ಹೊದಿಕೆ ತೆಗೆಯುವುದು, ಸೀಟಿಗೆ ಇಳಿಯುವುದು, ಚಾವಿ ತಿರುವುವುದು. ಆಗಾಗ ಆಕ್ಸಿಲರೇಟರ್ ತುಳಿಯಬೇಕು. ತುಳಿದರೆ ಎಂಜಿನ್ ಗುಡುಗುತ್ತಿತ್ತು, ಮುಂದಿನ ಗೋಡೆ ಇದ್ದಲ್ಲೇ ಇರುತ್ತಿತ್ತು. ಒಂದು ತಿಂಗಳಾದ ಮೇಲೆ ಕಂಡಿಕೆಯ ಕಡೆಯ ಸಿದ್ದಕ್ಕ, "ಧರೆಪ್ಪಣ್ಣಾ, ಸುಮ್ಮ ಕುಂದ್ರೂದಕ್ಕಿಂತ ಎರಡ ಕಂಡಿಕಿ ಸುತ್ತಬಾರದಾ?" ಎಂದು ಕೇಳಿದಳು. "ನಾ ಡ್ರೈವರ್ ಅದೇನಿ," ಎಂದು ಅವನು ಗಾಜು ಏರಿಸಿಕೊಂಡ.

ಒಂದು ದಿನ ಬೆಳಿಗ್ಗೆ ಅವನು ಡಬ್ಬಿ ಮರೆತು ಬಂದಿದ್ದ. ಲಗಮವ್ವ ರೊಟ್ಟಿ ಕಟ್ಟಿಕೊಂಡು ಶೆಡ್ಡಿಗೆ ಬಂದಳು. ಗಂಡನ ಕಾರನ್ನು ಅವಳು ಒಳಗಿನಿಂದ ನೋಡಿರಲಿಲ್ಲ. ಬಾಗಿಲು ತೆರೆದಿತ್ತು, ಎಂಜಿನ್ ನಡೆದಿತ್ತು. ಧರೆಪ್ಪ ನೆಲದ ಸಮಕ್ಕೆ ಕೂತು, ಎರಡೂ ಕಾಲು ಮುಂದಿನ ಕತ್ತಲೆಯೊಳಗೆ ಚಾಚಿ, ಬಲಗಾಲಿನಿಂದ ತುಳಿಯುವುದು ಬಿಡುವುದು ಮಾಡುತ್ತಿದ್ದ. ಸುತ್ತ ಮಗ್ಗಗಳು ಖಟಕ್ ಪಟಕ್ ಅನ್ನುತ್ತಿದ್ದವು. ಅವಳು ಡಬ್ಬಿ ಹಿಡಿದುಕೊಂಡು ಬಗ್ಗಿ ಒಳಗೆ ನೋಡಿದಳು.

"ಮಾವಾರು ಕುಣ್ಯಾಗ ಹಿಂಗ ಕುಂದರ್ತಿದ್ರಲ್ಲಾ," ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಕಂಡದ್ದನ್ನು ಹೇಳಿದ್ದಳು ಅಷ್ಟೇ.

ಧರೆಪ್ಪ ಕೆಳಗೆ ತನ್ನ ಕಾಲುಗಳನ್ನು ನೋಡಿದ. ಆಮೇಲೆ ಚಾವಿ ತಿರುವಿ ಎಂಜಿನ್ ಬಂದ್ ಮಾಡಿದ. ಹದಿನೈದು ನಿಮಿಷಕ್ಕೆ ಇನ್ನೂ ಆರು ನಿಮಿಷ ಬಾಕಿ ಇತ್ತು. ಬಾಗಿಲ ಅಂಚು ಹಿಡಿದು ಏಳಲು ನೋಡಿದ, ಮೊಣಕಾಲು ಹಿಡಿದುಕೊಂಡಿತ್ತು. ಲಗಮವ್ವ ಡಬ್ಬಿಯನ್ನು ಮಗ್ಗದ ಮೇಲಿಟ್ಟು ಒಂದು ಕಡೆಯ ರಟ್ಟೆ ಹಿಡಿದಳು. ಇನ್ನೊಂದು ರಟ್ಟೆ ಹಿಡಿಯಲು ಸಿದ್ದಕ್ಕ ಬರಬೇಕಾಯಿತು.